ದಣಿವಿಗೆ ರಜೆ ಇಲ್ಲ

ಅಧಿಕಾರಿ: ಏನ್ರೀ ಕ್ಯಾಪ್ಟನ್, ಪೈಲಟ್‌ಗಳು ತೂಕಡಿಸ್ತಾರೆ ಅಂತ ಊರಿಗೆಲ್ಲ ಕಾಣೋ ಹಾಗೆ ಎಕ್ಸ್‌ನಲ್ಲಿ ಹಾಕಿದ್ದೀರಂತೆ?

ಕ್ಯಾಪ್ಟನ್: ಮೊದಲು ನಿಮಗೇ ಬರೆದಿದ್ದೆ ಸಾರ್. ‘ನಿಮ್ಮ ದೂರು ಅಮೂಲ್ಯ’ ಅಂತ ಉತ್ತರ ಬಂತು.

ಅಧಿಕಾರಿ: ಅಮೂಲ್ಯ ಅಂತ ತಾನೇ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೀವಿ!

ಕ್ಯಾಪ್ಟನ್: ವಾರದ ವಿಶ್ರಾಂತಿ 36 ಗಂಟೆ ಸಾಲದು, 48 ಬೇಕು ಅಂತ ವಿಮಾನಯಾನ ನಿಯಂತ್ರಕ ಡಿಜಿಸಿಎ 2024ರಲ್ಲೇ ನಿಯಮ ಮಾಡಿತಲ್ಲ?

ಅಧಿಕಾರಿ: ಜಾರಿಯಾಗೋಕೆ 2025 ಆಯ್ತು. ನಿಯಮವೇ ಅಷ್ಟು ವಿಶ್ರಾಂತಿ ತಗೊಂಡಿದೆ, ನಿಮಗೇನು ಅವಸರ?

ಕ್ಯಾಪ್ಟನ್: ರಾತ್ರಿ ಎರಡರ ಮೇಲೆ ಮೈ ತಾನಾಗಿ ಮಂಕಾಗುತ್ತೆ ಸಾರ್. ಲ್ಯಾಂಡಿಂಗೂ ಆಗಲೇ.

ಅಧಿಕಾರಿ: ಪ್ರಯಾಣಿಕರೂ ನಿದ್ದೇಲಿರ್ತಾರೆ, ಯಾರಿಗೆ ಗೊತ್ತಾಗುತ್ತೆ? ಮೊದಲು ಆ ಪೋಸ್ಟ್ ತೆಗೀರಿ, ಸುರಕ್ಷತೆಯ ಪ್ರಶ್ನೆ.

ಕ್ಯಾಪ್ಟನ್: ಯಾರ ಸುರಕ್ಷತೆ ಸಾರ್?

ಅಧಿಕಾರಿ: ನನ್ನ ಕುರ್ಚೀದು! ಅಂದಹಾಗೆ, ನಾಳೆ ನಸುಕಿನ ದೆಹಲಿ ವಿಮಾನ ಯಾರದು?

ಕ್ಯಾಪ್ಟನ್: ನಂದೇ.

ಅಧಿಕಾರಿ: (ಫೋನಿನಲ್ಲಿ) ಹಲೋ, ನನಗೊಂದು ರೈಲು ಟಿಕೆಟ್ ಮಾಡಿಸಿ!