ಮೊಡವೆಯ ಮೊಕದ್ದಮೆ

ನಲವತ್ತು ದಾಟಿದ ಗಂಡಸಿಗೆ ಮೊಡವೆ ಏಳಕೂಡದೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಹರೆಯದವರ ಮುಖದಲ್ಲಿ ಬೂರುಗದ ಮರದ ಮುಳ್ಳಿನಂತೆ ಏಳುವ ಗುಳ್ಳೆಗಳೆಂದು ಸುಶ್ರುತ ವರ್ಣಿಸಿದ್ದಾನೆ. ಮುಳ್ಳಿನ ವಿಷಯದಲ್ಲಿ ಅವನು ಹೇಳಿದ್ದು ನಿಜ, ಗಡ್ಡ ಹೆರೆಯುವಾಗ ದಿನಾ ಅನುಭವಿಸುತ್ತಿದ್ದೇನೆ. ಹರೆಯದ ವಿಷಯವನ್ನು ನಾನು ಮನೆಯಲ್ಲಿ ಎತ್ತಲಿಲ್ಲ. "ಮದುವೆ ಆದ್ರೆ ಎಲ್ಲಾ ಹೋಗ್ತಾವೆ" ಎಂದು ನಮ್ಮ ದಾವಣಗೆರೆ ಕಡೆ ಮೊಡವೆಯ ಹುಡುಗರಿಗೆ ಸಮಾಧಾನ ಹೇಳುವುದುಂಟು. ನನಗೆ ಮದುವೆಯಾಗಿ, ಮಗಳು ಹೈಸ್ಕೂಲಿಗೆ ಬಂದಿದ್ದಾಳೆ. ಹೋದದ್ದು ಕೂದಲು.

ಮೊಡವೆ ಎದ್ದದ್ದು ನನ್ನ ಗದ್ದದ ಮೇಲೆ, ವಿಚಾರಣೆ ನಡೆದದ್ದು ಅಡುಗೆಮನೆಯಲ್ಲಿ. ಊಟ ಬದಲಿಸಿದರೆ ಮೊಡವೆ ಹೋದೀತೆ ಎಂದು ನಾನು ಸುಮ್ಮನೆ ಒಂದು ಮಾತು ಆಡಿದ್ದೆ. ಅಷ್ಟಕ್ಕೇ ಮನೆಯವರೆಲ್ಲ ತಮಗೆ ಮೊದಲಿನಿಂದಲೂ ಆಗಿಬರದ ತಿನಿಸಿನ ಮೇಲೆ ಕೇಸು ಹಾಕಿದರು.

ಅವ್ವನ ದೂರು ಮೊಟ್ಟೆಯ ಮೇಲೆ. "ಎಲ್ಲಾ ಉಷ್ಣ ಕಣಪ್ಪ. ಅದು ಹೊಸ್ತಿಲು ದಾಟಿದಾಗ್ಲೇ ಅಂದ್ಕೊಂಡೆ." ಮೊಟ್ಟೆ ಬರುವುದು ಮಗಳಿಗೆ, ಹೆಂಡತಿಯ ಹಟದಿಂದ, ಹಿತ್ತಿಲಲ್ಲಿ ಬೇರೆ ಪಾತ್ರೆಯಲ್ಲಿ ಬೇಯುತ್ತದೆ. ನಾನು ಅದನ್ನು ಮುಟ್ಟಿದವನೇ ಅಲ್ಲ ಎಂದೆ. "ವಾಸನೆ ಕುಡೀತೀಯಲ್ಲ, ಅಷ್ಟು ಸಾಕು" ಎಂದಳು.

ಹೆಂಡತಿಯದು ಮಿರ್ಚಿಯ ಮೇಲೆ. "ಸಂಜೆ ಆ ಮಂಡಕ್ಕಿ ಅಂಗಡಿ ಮುಂದೆ ನಿಲ್ತೀರಲ್ರೀ, ಆ ಎಣ್ಣೆಯೆಲ್ಲಾ ಎಲ್ಲಿಗೆ ಹೋಗ್ಬೇಕು? ಮುಖಕ್ಕೇ ಬರೋದು." ಬಾಯಿಂದ ಇಳಿದ ಎಣ್ಣೆ ಗದ್ದಕ್ಕೆ ಸೋರಲು ದೇಹದಲ್ಲಿ ದಾರಿಯೇ ಇಲ್ಲ, ಚರ್ಮದಡಿಯ ಗ್ರಂಥಿಗಳು ತಮ್ಮ ಜಿಡ್ಡನ್ನು ತಾವೇ ತಯಾರಿಸಿಕೊಳ್ಳುತ್ತವೆ ಎಂದು ನಾನು ವಿಜ್ಞಾನ ಬಿಚ್ಚಿದೆ. ಅವಳು ಶಾಂತವಾಗಿ ನನ್ನ ಹೊಟ್ಟೆಯ ಕಡೆ ನೋಡಿ, "ಹಾಗಾದ್ರೆ ದಾರಿ ಇರೋದು ಅಲ್ಲಿಗೆ ಮಾತ್ರ ಅನ್ನಿ" ಎಂದಳು.

ಮಗಳು ತಯಾರಿಯೊಂದಿಗೆ ಬಂದಳು. ಅಮೆರಿಕದಲ್ಲಿ ನಲವತ್ತೇಳು ಸಾವಿರಕ್ಕೂ ಹೆಚ್ಚು ನರ್ಸಮ್ಮಂದಿರನ್ನು ಹೈಸ್ಕೂಲಿನಲ್ಲಿ ಏನು ತಿನ್ನುತ್ತಿದ್ದಿರಿ ಎಂದು ಕೇಳಿದರಂತೆ. ಹೆಚ್ಚು ಹಾಲು ಕುಡಿದವರಲ್ಲಿ ಮೊಡವೆಯೂ ಹೆಚ್ಚು ಎಂದು 2005ರಲ್ಲಿ ಪ್ರಕಟವಾಯಿತಂತೆ. ಅದರಲ್ಲೂ ಕೆನೆ ತೆಗೆದ ಹಾಲು. "ಅಪ್ಪಾಜಿ, ನಮ್ಮನೇಲಿ ತುಪ್ಪಕ್ಕೆ ಅಂತ ಕೆನೆ ತೆಗೆಯೋರು ಯಾರು?" ಎಂದು ಅಜ್ಜಿಯತ್ತ ತಿರುಗಿದಳು. ಅಷ್ಟು ವರ್ಷದ ಹಿಂದಿನ ಊಟ ಯಾರಿಗೆ ನೆನಪಿರುತ್ತದೆ, ನಿನ್ನೆ ರಾತ್ರಿಯದೇ ನನಗೆ ನೆನಪಿಲ್ಲ ಎಂದು ನಾನು ಪಾಟೀಸವಾಲು ಹಾಕಿದೆ. ರಾತ್ರಿಯ ಹಾಲಿನ ಲೋಟ ತನ್ನ ಕೈಗೆ ಬರುತ್ತಿರುವವರೆಗೆ ಅವಳು ಈ ನರ್ಸಮ್ಮಂದಿರನ್ನು ಬಿಡುವ ಹಾಗೆ ಕಾಣಲಿಲ್ಲ.

ನನ್ನ ದೂರು ಉಪ್ಪಿಟ್ಟಿನ ಮೇಲೆ. ಇದು ಹಳೆಯ ದ್ವೇಷ, ಆದರೆ ಈ ಸಲ ನನ್ನ ಬಳಿ ಸಾಕ್ಷಿಯಿತ್ತು. ಮೆಲ್ಬರ್ನ್‌ನಲ್ಲಿ 43 ಹುಡುಗರ ಮೇಲೆ 12 ವಾರ ನಡೆಸಿದ ಪ್ರಯೋಗ, 2007ರದು. ರಕ್ತದಲ್ಲಿ ಸಕ್ಕರೆಯನ್ನು ಧಿಡೀರನೆ ಏರಿಸುವ ಆಹಾರ ಕಡಿಮೆ ಮಾಡಿದವರಿಗೆ ಮೊಡವೆ ಹೆಚ್ಚು ಇಳಿಯಿತು. ಸಕ್ಕರೆ ಏರಿದರೆ ಇನ್ಸುಲಿನ್ ಏರುತ್ತದೆ, ಇನ್ಸುಲಿನ್ ಏರಿದರೆ ಜಿಡ್ಡಿನ ಗ್ರಂಥಿಗಳಿಗೆ ಹುಮ್ಮಸ್ಸು ಬರುತ್ತದೆ, ರಂಧ್ರ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಬೆಳಿಗ್ಗೆ ರವೆ ಬೇಡ ಎಂದೆ. ಆ ಹುಡುಗರ ತೂಕವೂ ಇಳಿದಿತ್ತು, ಗುಣ ಯಾವುದರಿಂದ ಬಂತೆಂದು ಬಿಡಿಸಿ ಹೇಳುವುದು ಕಷ್ಟ ಎಂಬ ಭಾಗವನ್ನು ಓದಲಿಲ್ಲ.

"ಅನ್ನ?" ಎಂದಳು ಹೆಂಡತಿ.

"ಅದೂ ಸ್ವಲ್ಪ..."

"ಮಂಡಕ್ಕಿ? ಬೆಣ್ಣೆ ದೋಸೆ?"

ಅಕ್ಕಿಯ ಜೊತೆಗೆ ಮಂಡಕ್ಕಿಯನ್ನೂ ನೆನೆಸಿ ರುಬ್ಬುವುದು ನಮ್ಮೂರಿನ ದೋಸೆಯ ಹೆಗ್ಗಳಿಕೆ. ನಾನು ಉಪ್ಪಿಟ್ಟಿಗೆ ತೋಡಿದ ಗುಂಡಿಯಲ್ಲಿ ಊರಿನ ಕೀರ್ತಿಯೇ ಬಿತ್ತು. ತಪ್ಪೇನಿದ್ದರೂ ದೋಸೆಯದು, ಬೆಣ್ಣೆ ಸಕ್ಕರೆ ಏರಿಸುವುದಿಲ್ಲ, ಹಾಗಾಗಿ ದೋಸೆ ಬಿಟ್ಟು ಬೆಣ್ಣೆ ಮಾತ್ರ ಹಾಕಿಕೊಡಿ ಎಂಬ ನನ್ನ ರಾಜಿಸೂತ್ರವನ್ನು ಯಾರೂ ಚರ್ಚೆಗೆ ಎತ್ತಿಕೊಳ್ಳಲಿಲ್ಲ.

ಹೆಂಡತಿಯ ಕೈಗೆ ಆಮೇಲೆ ಕಿಟಾವಾ ಸಿಕ್ಕಿತು. ಪಪುವಾ ನ್ಯೂಗಿನಿಯ ಈ ಪುಟ್ಟ ದ್ವೀಪದಲ್ಲಿ 1200 ಜನರ ಮುಖ ನೋಡಿದರೂ ಸಂಶೋಧಕರಿಗೆ ಒಂದು ಮೊಡವೆಯೂ ಸಿಗಲಿಲ್ಲವೆಂದು 2002ರ ವರದಿ. ಅವರ ಊಟ ಗೆಡ್ಡೆಗೆಣಸು, ಹಣ್ಣು, ಮೀನು, ತೆಂಗಿನಕಾಯಿ. ಮೀನೆಂದರೆ ಅವ್ವ ಮನೆ ಬಿಟ್ಟು ಹೋಗುತ್ತಾಳೆ, ಹಣ್ಣು ದುಬಾರಿ. ಹೀಗಾಗಿ ಇಡೀ ದ್ವೀಪದಿಂದ ನನ್ನ ತಟ್ಟೆಗೆ ಬಂದದ್ದು ಬೇಯಿಸಿದ ಗೆಣಸು. ಬೆಳಿಗ್ಗೆ ಗೆಣಸು, ಸಂಜೆಯೂ ಗೆಣಸು. ಮೊಡವೆ ಹಾಗೇ ಇತ್ತು. ನಾನು ಉಪ್ಪಿಟ್ಟನ್ನು ನೆನೆದು ನಿಟ್ಟುಸಿರು ಬಿಡುವ ಸ್ಥಿತಿಗೆ ಬಂದೆ.

ಕೊನೆಗೆ ಚರ್ಮದ ಡಾಕ್ಟರು. ಪಕ್ಕದಲ್ಲಿ ಕೂತು ನನ್ನ ಪರವಾಗಿ ಎಲ್ಲಕ್ಕೂ ಹೆಂಡತಿಯೇ ಉತ್ತರ ಕೊಡುತ್ತಿದ್ದಳು. "ಜಿಮ್‌ಗೆ ಹೋಗ್ತೀರಾ?" ಎಂದು ಡಾಕ್ಟರು ಕೇಳಿದಾಗ ಮಾತ್ರ ಅವಳಿಗೆ ನಗು ಬಂತು. ನನಗೆ ಬರಲಿಲ್ಲ.

"ಪ್ರೊಟೀನ್ ಪೌಡರ್ ಏನಾದ್ರೂ?"

ಆಫೀಸಿನ ಡ್ರಾಯರಿನಲ್ಲಿ ಒಂದು ಡಬ್ಬ ಇದೆಯೆಂದು ಹೇಳಲೇಬೇಕಾಯಿತು. ಮೈಕಟ್ಟು ಬರಲಿ, ಆಮೇಲೆ ಮನೆಯಲ್ಲಿ ತಿಳಿಸೋಣ ಎಂದುಕೊಂಡಿದ್ದೆ. ವೇ ಪ್ರೊಟೀನ್ ಎಂದರೆ ಹಾಲು ಒಡೆದಾಗ ಉಳಿಯುವ ನೀರಿನ ಸತ್ವ, ಅದನ್ನು ಕುಡಿಯುವವರಲ್ಲಿ ಕೆಲವರಿಗೆ ಮೊಡವೆ ಕೆರಳುವುದುಂಟು ಎಂದು ಡಾಕ್ಟರು ವಿವರಿಸಿದರು. ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ, ಡಬ್ಬದ ಬೆಲೆ.

"ಪೌಡರ್ ಬಿಡಿ. ಸಿಹಿ, ಮೈದಾ ಕಡಿಮೆ ಮಾಡಿ ನೋಡಿ. ಕೆಲವರಿಗೆ ಗುಣ ಕಾಣುತ್ತೆ, ಎಲ್ಲರಿಗೂ ಅಲ್ಲ. ಆದ್ರೆ ಮುಲಾಮು ಮಾಡೋ ಕೆಲಸಾನ ಊಟ ಮಾಡಲ್ಲ" ಎಂದು ಬೆಂಜಾಯ್ಲ್ ಪೆರಾಕ್ಸೈಡ್ ಬರೆದುಕೊಟ್ಟರು. ಫಲ ಕಾಣಲು ಎರಡು ಮೂರು ತಿಂಗಳಾದರೂ ಬೇಕಂತೆ. ಮೊಡವೆಗೆ ಇಂಥದ್ದೇ ಪಥ್ಯವೆಂದು ಹೇಳುವಷ್ಟು ಆಧಾರವಿಲ್ಲ ಎಂದು ಬ್ರಿಟನ್ನಿನ ನೈಸ್ ಸಂಸ್ಥೆಯೂ 2021ರ ಮಾರ್ಗಸೂಚಿಯಲ್ಲಿ ಹೇಳಿದೆ. ಮನೆಗೆ ಬರುವಷ್ಟರಲ್ಲಿ ಇದೆಲ್ಲ ಬೇರೆ ರೂಪ ತಾಳಿತ್ತು. ಡಾಕ್ಟರು ಮಿರ್ಚಿ ಬಿಡಲು ಹೇಳಿದರೆಂದು ಹೆಂಡತಿ ವರದಿ ಒಪ್ಪಿಸಿದಳು. "ನೋಡಿದ್ರಾ, ಕೊನೆಗೂ ಹಾಲೇ!" ಎಂದು ಮಗಳು ಕುಣಿದಳು. ಅವಳ ಲೋಟ ಮಾತ್ರ ಎಂದಿನಂತೆ ಬಂತು.

ಮುಲಾಮಿನ ಇನ್ನೊಂದು ಗುಣ ಆಮೇಲೆ ತಿಳಿಯಿತು. ಅದು ತಗುಲಿದ ಬಟ್ಟೆಯ ಬಣ್ಣ ಹೋಗುತ್ತದೆ. ಹೆಂಡತಿ ಆಸೆಪಟ್ಟು ತಂದ ನೀಲಿ ದಿಂಬಿನ ಕವರಿನ ಮೇಲೆ, ನನ್ನ ಗದ್ದ ಒರಗುವ ಜಾಗದಲ್ಲೆಲ್ಲ ಬಿಳಿ ಮಚ್ಚೆ. ಅವಳು ಅದನ್ನು ಸಾಕ್ಷಿಯಾಗಿ ನಡುಮನೆಗೆ ತಂದು ಹರಡಿದಾಗ ಅವ್ವ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

"ನಾನು ಹೇಳಿದ್ರೆ ಯಾರು ಕೇಳ್ತೀರಿ? ದಿಂಬಿನ ಬಣ್ಣ ಸುಟ್ಟುಹೋಗೋವಷ್ಟು ಉಷ್ಣ ಐತಿ ಇವನ ಮೈಯಾಗೆ" ಎಂದು ಎದ್ದುಹೋಗಿ ಕಾಮಕಸ್ತೂರಿ ಬೀಜ ನೆನೆಹಾಕಿದಳು.