ಸಮಯಕ್ಕೆ ಸರಿಯಾಗಿ ಕೆಡುವ ಯಂತ್ರಕ್ಕೊಂದು ಬಹಿರಂಗ ಪತ್ರ

‘ಸ್ಟಾರ್ ಟ್ರೆಕ್’ನ ಎಂಟರ್‌ಪ್ರೈಸ್ ನೌಕೆಯಲ್ಲಿ ಬಿಡಾರ ಹೂಡಿ, ಮನುಷ್ಯರನ್ನು ಇಲ್ಲಿ ಕರಗಿಸಿ ಅಲ್ಲಿ ಮೂಡಿಸುವ ಟ್ರಾನ್ಸ್‌ಪೋರ್ಟರ್ ಮಹಾಶಯರಿಗೆ,

ಉಭಯಕುಶಲೋಪರಿ ಸಾಂಪ್ರತ. ನಾವಿಲ್ಲಿ ಒಬ್ಬೊಬ್ಬರೂ ಒಂದೊಂದೇ ಪ್ರತಿಯಾಗಿ ಕ್ಷೇಮವಾಗಿದ್ದೇವೆ. ತಮ್ಮ ಕೈಗೆ ಸಿಕ್ಕವರೂ ಹಾಗೆಯೇ ಇರಲಿ ಎಂದು ಹಾರೈಸುತ್ತೇನೆ.

ತಾವು ಅಸಾಧ್ಯ ಎಂಬ ಬಗ್ಗೆ ನನಗೆ ಎಳ್ಳಷ್ಟೂ ತಕರಾರಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಸ್ಟಾರ್ ಟ್ರೆಕ್ ಬರುತ್ತಿದ್ದ ಕಾಲದಲ್ಲಿ ನಮ್ಮಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನೌಕೆಯ ನಾಯಕ ಕಿರ್ಕ್, ಅವನ ಸಂಗಾತಿ ಸ್ಪಾಕ್ ಇಬ್ಬರೂ ಮಿಣಮಿಣ ಮಿನುಗಿ ಕರಗಿ ಇನ್ಯಾವುದೋ ಗ್ರಹದಲ್ಲಿ ಮೂಡಿದರೆ ಅಪ್ಪ ‘ಬರೀ ಸುಳ್ಳು’ ಎಂದು ಪೇಪರ್ ಮಡಚುತ್ತಿದ್ದರು. ಅಮ್ಮನಿಗೆ ಅದರಲ್ಲಿ ಸುಳ್ಳೇನೂ ಕಾಣುತ್ತಿರಲಿಲ್ಲ. ಅವಳು ಯಕ್ಷಗಾನ ನೋಡಿ ಬೆಳೆದವಳು. ಪ್ರಯಾಣ ಕುಣಿತದಲ್ಲಿ ಕೃಷ್ಣ ರಂಗಸ್ಥಳಕ್ಕೆ ಎರಡು ಸುತ್ತು ಹಾಕಿ ನಿಂತನೆಂದರೆ ದ್ವಾರಕೆಯಿಂದ ಹಸ್ತಿನಾವತಿ ತಲುಪಿದಂತೆಯೇ. ದಾರಿಯಲ್ಲಿ ಕುದುರೆಗೆ ಹುಲ್ಲು ಹಾಕಿದವರಾರು ಎಂದು ಯಾರೂ ಕೇಳುವುದಿಲ್ಲ. ಅವಳ ಪ್ರಶ್ನೆಯೇ ಬೇರೆ. ‘ಹೋಗೋವಾಗ ಸರಿಯಿತ್ತಲ್ಲ, ಬರೋವಾಗ ಮಾತ್ರ ಯಾಕೆ ಕೆಡುತ್ತೆ ಅದು?’

ಈ ಪತ್ರ ಆ ಪ್ರಶ್ನೆಯದೇ ಮುಂದುವರಿಕೆ.

ತಮ್ಮ ಹುಟ್ಟಿನ ಗುಟ್ಟು ಈಗ ಜಗಜ್ಜಾಹೀರು. 1966ರಲ್ಲಿ ಸರಣಿ ಶುರುವಾದಾಗ, ಅಷ್ಟು ದೊಡ್ಡ ನೌಕೆ ವಾರಕ್ಕೊಂದು ಗ್ರಹದಲ್ಲಿ ಇಳಿದು ಏಳುವುದನ್ನು ತೋರಿಸಲು ಜೀನ್ ರಾಡೆನ್‌ಬೆರಿಯವರ ಬಳಿ ದುಡ್ಡಿರಲಿಲ್ಲ. ಅಲ್ಯೂಮಿನಿಯಂ ಪುಡಿಯನ್ನು ಬೆಳಕಿನಲ್ಲಿ ಉದುರಿಸಿ ಚಿತ್ರೀಕರಿಸಿದರು, ತಾವು ಅವತರಿಸಿದಿರಿ. ಬಡತನದಲ್ಲಿ ಹುಟ್ಟಿ ಮೇಲೆ ಬಂದವರ ಮೇಲೆ ನನಗೆ ಗೌರವವಿದೆ. ಕತೆಗೂ ಅದರಿಂದ ಒಳಿತೇ ಆಯಿತು. ಇಳಿಯುವ ಏಳುವ ರಗಳೆಯಿಲ್ಲದೆ ಪಾತ್ರಗಳು ಎರಡನೇ ನಿಮಿಷಕ್ಕೇ ಅಪಾಯದ ಬಾಯಿಗೆ ಬೀಳುತ್ತಿದ್ದವು. ಎಡವಟ್ಟೆಂದರೆ ಮೂರನೇ ನಿಮಿಷಕ್ಕೆ ಅದೇ ದಾರಿಯಲ್ಲಿ ಪಾರಾಗಲೂಬಹುದಿತ್ತು. ಹಾಗಾಗಬಾರದೆಂದು ತಾವು ಕೆಡಬೇಕಾಯಿತು. ಒಂದು ವಾರ ಅಯಾನು ಬಿರುಗಾಳಿ, ಇನ್ನೊಂದು ವಾರ ನೆಲದೊಳಗಿನ ಯಾವುದೋ ಅದಿರು, ಮತ್ತೊಂದು ವಾರ ಯಾರೋ ಕಿತ್ತುಕೊಂಡ ಕಮ್ಯುನಿಕೇಟರ್. ನಮ್ಮ ಬೀದಿಯ ಕರೆಂಟು ಕೂಡ ಇಷ್ಟು ಮುಹೂರ್ತ ನೋಡಿ ಹೋಗುವುದಿಲ್ಲ.

ಬೇಕಾದ ಹೊತ್ತಿಗೆ ಕೈಕೊಡುವ ಆಯುಧ ನಮಗೇನೂ ಹೊಸದಲ್ಲ. ಕರ್ಣನ ರಥದ ಗಾಲಿ ಹೂತದ್ದೂ ಅಸ್ತ್ರದ ಮಂತ್ರ ಮರೆತದ್ದೂ ಅರ್ಜುನ ಎದುರಿಗಿದ್ದಾಗಲೇ. ಕಾಕತಾಳೀಯವೆಂದರೆ ಅದಕ್ಕಿಂತ ದೊಡ್ಡದುಂಟೇ? ಆದರೂ ಯಾರೂ ಆಕ್ಷೇಪಿಸುವುದಿಲ್ಲ, ಏಕೆಂದರೆ ಶಾಪ ಎಷ್ಟೋ ಹಿಂದೆಯೇ ಬಿದ್ದಿರುತ್ತದೆ. ಕರ್ಣನಿಗೂ ಗೊತ್ತು, ನಮಗೂ ಗೊತ್ತು. ಗಾಲಿ ನೆಲಕ್ಕಿಳಿಯುವಾಗ ನಮಗಾಗುವುದು ಆಶ್ಚರ್ಯವಲ್ಲ, ಭಯ. ತಮ್ಮ ಮೇಲೆ ಶಾಪ ಹಾಕಿದವರ ಹೆಸರನ್ನು ದಯವಿಟ್ಟು ತಿಳಿಸಿ.

ತಮ್ಮ ಅತ್ಯುತ್ತಮ ಸಾಧನೆಯನ್ನೇ ತೆಗೆದುಕೊಳ್ಳೋಣ. 1966ರ ಅಕ್ಟೋಬರ್‌ನಲ್ಲಿ ಬಂದ ‘ದಿ ಎನಿಮಿ ವಿದಿನ್’ ಕಂತಿನಲ್ಲಿ ಯಾರದೋ ಬಟ್ಟೆಗೆ ಮೆತ್ತಿದ ಹಳದಿ ಅದಿರಿನಿಂದಾಗಿ ತಾವು ಕಿರ್ಕ್‌ನನ್ನು ಎರಡಾಗಿ ಸೀಳಿದಿರಿ. ಒಬ್ಬ ಸಾಧು, ಒಬ್ಬ ಮೃಗ. ಹೊತ್ತು ಕಳೆದಂತೆ ಸಾಧುವಿಗೆ ಒಂದು ಆಜ್ಞೆ ಕೊಡುವ ಶಕ್ತಿಯೂ ಉಳಿಯುವುದಿಲ್ಲ. ನಾಯಕನಾಗಲು ಆ ಮೃಗವೂ ಬೇಕು. ರಿಚರ್ಡ್ ಮ್ಯಾಥೆಸನ್ ಬರೆದ ಈ ಕತೆ ನನಗೆ ಇಂದಿಗೂ ನಿಜ. ಆದರೆ ಕೆಳಗಿನ ಗ್ರಹದಲ್ಲಿ ನೌಕೆಯ ಸಿಬ್ಬಂದಿ ಸುಲು ಮತ್ತು ಸಂಗಡಿಗರು ಮೈ ಹೆಪ್ಪುಗಟ್ಟುವ ಚಳಿಯಲ್ಲಿ ಬಂಡೆಗಳನ್ನು ಕಾಯಿಸಿಕೊಂಡು ಕೂತಿದ್ದಾರೆ. ತಾವು ಕೆಟ್ಟಿದ್ದೀರಿ, ಸರಿ. ಒಂದು ಸಣ್ಣ ನೌಕೆ ಕಳಿಸಿ ಕರೆತರಬಾರದೇ? ಬಾರದು. ಆ ನೌಕೆಯನ್ನು ಬಡಗಿಗಳು ಇನ್ನೂ ಕಟ್ಟಿರಲಿಲ್ಲ! ಆಟಿಕೆ ಮಾದರಿ ಮಾಡುವ ಎಎಂಟಿ ಕಂಪನಿಯ ಜತೆ ಒಪ್ಪಂದವಾಗಿ, 1967ರ ಜನವರಿಯಲ್ಲಿ ‘ಗೆಲಿಲಿಯೊ’ ತೆರೆಗೆ ಬಂತು. ಇನ್ನೊಂದು ಸಂಗತಿ: ಚಳಿಯ ಆ ಉಪಕತೆ ಮ್ಯಾಥೆಸನ್ನರ ಮೂಲ ಬರಹದಲ್ಲಿ ಇರಲೇ ಇಲ್ಲ, ಆಮೇಲೆ ಹೊಲಿದ ತೇಪೆ. ತೂತು ಇರುವುದು ತೇಪೆಯಲ್ಲಿ, ಬಟ್ಟೆಯಲ್ಲಲ್ಲ.

ಭೌತಶಾಸ್ತ್ರದ ವಿಷಯಕ್ಕೆ ನಾನು ಹೆಚ್ಚು ಹೋಗುವುದಿಲ್ಲ. ಕಣದ ಸ್ಥಾನ, ವೇಗ ಎರಡನ್ನೂ ಏಕಕಾಲಕ್ಕೆ ಕರಾರುವಾಕ್ಕಾಗಿ ತಿಳಿಯಲಾಗದೆಂದು ಹೈಸನ್‌ಬರ್ಗ್ 1927ರಲ್ಲೇ ಹೇಳಿಬಿಟ್ಟ. ಅದಕ್ಕೆ ತಮ್ಮ ಹೊಟ್ಟೆಯೊಳಗೆ ‘ಹೈಸನ್‌ಬರ್ಗ್ ಕಾಂಪೆನ್ಸೇಟರ್’ ಎಂಬ ಬಿಡಿಭಾಗ ಸೇರಿಸಿದ್ದಾರೆ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದವರಿಗೆ ಮುಂದೆ ಬಂದ ಸರಣಿಯ ತಾಂತ್ರಿಕ ಸಲಹೆಗಾರ ಮೈಕೆಲ್ ಒಕುಡಾ, ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಉತ್ತರಿಸಿದರಂತೆ. ನನಗೆ ಈ ಉತ್ತರ ಪೂರ್ತಿ ಒಪ್ಪಿಗೆ. 70 ಕಿಲೋ ತೂಕದ ದೇಹವನ್ನು ಪೂರಾ ಶಕ್ತಿಯಾಗಿ ಮಾರ್ಪಡಿಸಿದರೆ ಸುಮಾರು 1,500 ಮೆಗಾಟನ್ ಸ್ಫೋಟಕ್ಕೆ ಸಮ ಎಂದು ಲೆಕ್ಕ ಹಾಕಿ ಒಮ್ಮೆ ಬೆಚ್ಚಿಬಿದ್ದೆ, ಅಷ್ಟೇ. ಅದಾದ ಮೇಲೆ 1993ರಲ್ಲಿ ತಾವು ಆ ಸರಣಿಯ ಅಧಿಕಾರಿ ರೈಕರ್‌ನ ಎರಡನೇ ಪ್ರತಿಯೊಂದು ಎಂಟು ವರ್ಷದಿಂದ ಪಾಳುಗ್ರಹದಲ್ಲಿ ಬಿದ್ದಿತ್ತು ಎಂದು ತೋರಿಸಿದಾಗ, ಆ ಹೆಚ್ಚುವರಿ ಸಾಮಾನು ಯಾವ ಉಗ್ರಾಣದಿಂದ ಬಂತೆಂದು ಕೇಳುವ ಧೈರ್ಯವಾಗಲಿಲ್ಲ. ಭೂಮಿಯ ಮೇಲೆ ಕ್ವಾಂಟಂ ಟೆಲಿಪೋರ್ಟೇಶನ್‌ನ ಸಿದ್ಧಾಂತ ಪ್ರಕಟವಾದದ್ದೂ 1993ರಲ್ಲೇ. ಅದರ ಶರತ್ತೇ ಒಂದು ಕಣದ ಸ್ಥಿತಿ ಅಲ್ಲಿ ಮೂಡಬೇಕಾದರೆ ಇಲ್ಲಿ ಅಳಿಯಬೇಕು ಎಂಬುದು. ಕ್ವಾಂಟಂ ಲೋಕದಲ್ಲಿ ನಕಲು ಪ್ರತಿಗೆ ಅವಕಾಶವಿಲ್ಲ. ನಿಸರ್ಗ ತಮಗಿಂತ ಬಿಗಿಯಾದ ಸಂಪಾದಕ.

ನನ್ನ ನಿಜವಾದ ದೂರು ತಮ್ಮ ಮರೆಗುಳಿತನದ ಬಗ್ಗೆ. 1992ರ ‘ರಾಸ್ಕಲ್ಸ್’ನಲ್ಲಿ ತಾವು ಅದೇ ಸರಣಿಯ ಕ್ಯಾಪ್ಟನ್ ಪಿಕಾರ್ಡ್ ಮತ್ತು ಇನ್ನು ಮೂವರನ್ನು ಮಕ್ಕಳನ್ನಾಗಿಸಿದಿರಿ. ಬುದ್ಧಿ, ನೆನಪು ಎಲ್ಲ ಹಾಗೇ ಇದ್ದು ದೇಹಕ್ಕೆ ಮಾತ್ರ ಬಾಲ್ಯ! ಇಷ್ಟಕ್ಕಾಗಿ ಯಯಾತಿ ಮಗನ ಯೌವನವನ್ನೇ ಬೇಡಿದ, ಮಹಾಭಾರತದಲ್ಲಿ ಒಂದು ವಂಶದ ಹಣೆಬರಹವೇ ಬದಲಾಯಿತು. ತಮ್ಮಲ್ಲಿ ಕಂತು ಮುಗಿಯುವಷ್ಟರಲ್ಲಿ ಎಲ್ಲರೂ ದೊಡ್ಡವರಾಗಿ ಕೆಲಸಕ್ಕೆ ಹೋದರು. ಮುಪ್ಪಿಗೆ ಮದ್ದು ಸಿಕ್ಕಿದ್ದು ಮುಂದಿನ ವಾರ ಒಬ್ಬ ಮುದುಕನಿಗೂ ನೆನಪಾಗಲಿಲ್ಲ. 1996ರಲ್ಲಿ ವಾಯೇಜರ್ ನೌಕೆಯಲ್ಲಿದ್ದ ತಮ್ಮ ದಾಯಾದಿಯೊಬ್ಬ ಅಲ್ಲಿನ ಟುವೊಕ್, ನೀಲಿಕ್ಸ್ ಎಂಬಿಬ್ಬರನ್ನೂ ಕಲಸಿ ಟುವಿಕ್ಸ್ ಎಂಬ ಮೂರನೆಯವನನ್ನು ಮಾಡಿದ. ಬದುಕಲು ಬಿಡಿ ಎಂದು ಅವನು ಗೋಗರೆದ. ವೈದ್ಯ ಒಲ್ಲೆನೆಂದ, ಕ್ಯಾಪ್ಟನ್ ಜೇನ್‌ವೇ ಸ್ವಂತ ಕೈಯಿಂದ ಬೇರ್ಪಡಿಸಿದಳು. ಗಂಟಲು ಕಟ್ಟಿಸಿದ ಕತೆ. ಮರುವಾರ ಅವನ ಹೆಸರೆತ್ತಿದವರಿಲ್ಲ. ನಮ್ಮ ಧಾರಾವಾಹಿಗಳನ್ನು ಏನೇ ಬಯ್ಯಿರಿ, ಅತ್ತೆ ಕೊಟ್ಟ ಒಂದು ಕಪಾಳಮೋಕ್ಷವನ್ನು ಮೂರು ವಾರ ನೆನಪಿಡುತ್ತವೆ.

ತಪ್ಪು ಪೂರ್ತಿ ತಮ್ಮದಲ್ಲ, ಬಲ್ಲೆ. ಅಮೆರಿಕದಲ್ಲಿ ಆಗ ಕಂತುಗಳನ್ನು ಊರೂರಿನ ಚಾನೆಲ್‌ಗಳಿಗೆ ಮಾರುತ್ತಿದ್ದರು. ಮರುಪ್ರಸಾರದಲ್ಲಿ ಯಾವ ಕಂತು ಯಾವಾಗ ಬಂದರೂ ನೋಡುಗನಿಗೆ ಅರ್ಥವಾಗಬೇಕಿತ್ತು. ಹಾಗಾಗಿ ಪ್ರತಿ ಕಂತಿನ ಕೊನೆಗೆ ಹಲಗೆ ಒರೆಸಿಡುವುದು ವ್ಯಾಪಾರದ ನಿಯಮ. ಒರೆಸದಿದ್ದರೆ ಏನಾಗುತ್ತದೆಂದು ಕೂಡ ನೋಡಿದ್ದೇವೆ. 1992ರಲ್ಲಿ ಕಿರ್ಕ್‌ನ ಕಾಲದ ಎಂಜಿನಿಯರ್, ಮುದಿ ಸ್ಕಾಟಿ ತಮ್ಮ ಸ್ಮೃತಿಕೋಶದೊಳಗೆ 75 ವರ್ಷ ಅಡಗಿ ಕೂತು ಜೀವಂತ ಹೊರಬಂದ. ಸಾಯುತ್ತಿರುವ ರೋಗಿಯನ್ನೂ ಹೀಗೆ ಕಾಪಿಡಬಹುದಲ್ಲ ಎಂದು ತೆರೆಯ ಮೇಲೆ ಹೊಳೆಯಲು 30 ವರ್ಷ ಬೇಕಾಯಿತು. 2022ರ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ನಲ್ಲಿ ಡಾಕ್ಟರ್ ಎಂಬೆಂಗಾ ಕಾಯಿಲೆಯ ಮಗಳನ್ನು ತಮ್ಮೊಳಗೆ ಬಚ್ಚಿಟ್ಟಿರುತ್ತಾನೆ. ಆಗಾಗ ಹೊರಗೆ ತೆಗೆಯದಿದ್ದರೆ ಅವಳು ಚದುರಿಹೋಗುತ್ತಾಳೆ. ಹೊರಗೆ ತೆಗೆದು, ಒಂದಿಷ್ಟು ಕತೆ ಓದಿ ಹೇಳಿ, ಮತ್ತೆ ಒಳಗಿಡುತ್ತಾನೆ. ಅಂದು ತಮ್ಮ ಮೇಲೆ ನನಗೊಂದೂ ಸಂಶಯ ಬರಲಿಲ್ಲ. ಅಮ್ಮ ಇದ್ದಿದ್ದರೆ ಸೌಟು ಕೆಳಗಿಟ್ಟಿರುತ್ತಿದ್ದಳು.

ಕೊನೆಗೊಂದು ಖಾಸಗಿ ಅಹವಾಲು. 1989ರಲ್ಲಿ ಡಾಕ್ಟರ್ ಪುಲಾಸ್ಕಿಗೆ ದಿಢೀರ್ ಮುಪ್ಪು ಬಂದಾಗ ಅವಳ ಹೇರ್‌ಬ್ರಶ್‌ನಲ್ಲಿ ಸಿಕ್ಕ ಒಂದು ಕೂದಲಿನ ಆಧಾರದಲ್ಲಿ ತಾವು ಅವಳನ್ನು ಮೊದಲಿನಂತೆ ಮಾಡಿದಿರಿ. ಆಕೆ ತಮ್ಮನ್ನು ಕಂಡರಾಗದೆ ದೂರವೇ ಇದ್ದವಳು ಎಂಬುದನ್ನೂ ಮನಸ್ಸಿಗೆ ತಂದುಕೊಳ್ಳಲಿಲ್ಲ. ಆ ದೊಡ್ಡತನ ನೆನೆದು ಬರೆಯುತ್ತಿದ್ದೇನೆ. ನನ್ನ ಕಾಲೇಜು ದಿನಗಳ ಬಾಚಣಿಗೆ ಬೀರುವಿನಲ್ಲಿ ಭದ್ರವಾಗಿದೆ, ಹಲ್ಲಿನ ಸಂದಿಯಲ್ಲಿ ಎರಡು ಕೂದಲೂ ಇವೆ. ತಲೆಯ ಮೇಲೆ ಈಗ ಅಷ್ಟೂ ಇಲ್ಲ. ಬಿಡುವಾದಾಗ, ಬಿರುಗಾಳಿಯಿಲ್ಲದ ದಿನ ನೋಡಿ, ಹೇಳಿ ಕಳಿಸಿ.

ಇಂತಿ ತಮ್ಮ ವಿಶ್ವಾಸಿ,
ಸದ್ಯಕ್ಕೆ ಒಬ್ಬನೇ ಇರುವ ಒಬ್ಬ ವೀಕ್ಷಕ