ದುರ್ಬೀನಪ್ಪನ ಅಮಾವಾಸ್ಯೆ

ಕರ್ನೂಲು ಜಿಲ್ಲೆಯಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದರೆ ಜನ ನೆಲ ನೋಡಿಕೊಂಡು ನಡೆಯುತ್ತಾರೆ. ತುಗ್ಗಲಿ, ಜೊನ್ನಗಿರಿ ಕಡೆಯ ಹೊಲಗಳಲ್ಲಿ ವಜ್ರ ಸಿಗುತ್ತದೆ. ಸಿಕ್ಕವರ ಸುದ್ದಿ ಪೇಪರಿನಲ್ಲಿ ಬರುತ್ತದೆ, ಸಿಗದವರ ಬೆನ್ನುನೋವು ಬರುವುದಿಲ್ಲ. ಇದೇ ಜಿಲ್ಲೆಯ ಪಶ್ಚಿಮದ ಅಂಚಿನ ಕೌತಾಳಂನಲ್ಲಿ ಮಾತ್ರ ಒಬ್ಬ, ಮೋಡ ಕಂಡರೆ ಸಾಕು, ಮೇಲೆ ನೋಡಿ ಬೈಯುತ್ತಾನೆ. ಅವನು ದುರ್ಬೀನಪ್ಪ. ಹೆತ್ತವರು ಇಟ್ಟ ಹೆಸರಲ್ಲ, ಈ ತಳಿಯವರಿಗೆಲ್ಲ ನಾನು ಇಟ್ಟದ್ದು. ಹುಡುಕಿದರೆ ನಿಮ್ಮ ತಾಲ್ಲೂಕಿನಲ್ಲೂ ಒಬ್ಬ ಸಿಕ್ಕಾನು.

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಬೇರೆಯವರ ಮಕ್ಕಳು ಯುಗಾದಿಗೆ, ದಸರಾಕ್ಕೆ, ಶ್ರಾವಣದಲ್ಲಿ ಉರುಕುಂದದ ಈರಣ್ಣಸ್ವಾಮಿ ದರ್ಶನಕ್ಕೆ ಊರಿಗೆ ಬಂದರೆ ಇವನು ಅಮಾವಾಸ್ಯೆಗೆ ಬರುತ್ತಾನೆ. ನಡುರಾತ್ರಿ ಮಾಳಿಗೆ ಹತ್ತಿ, ಕೆಂಪು ಟಾರ್ಚ್ ಹಚ್ಚಿಕೊಂಡು, ಏನೋ ಗೊಣಗುತ್ತ ಕೂರುತ್ತಾನೆ. ಮೊದಮೊದಲು ಓಣಿಯವರು ಮಾಟ ಎಂದರು. ಆಮೇಲೆ ನಿಧಿ ಎಂದರು. ಬಾಲದ ಚುಕ್ಕೆಯ ಫೋಟೋ ತೆಗೆಯುತ್ತಾನಂತೆ ಎಂದು ಗೊತ್ತಾದ ಮೇಲೆ, ಮಾಟವೇ ವಾಸಿಯಿತ್ತು ಎಂದವರೂ ಉಂಟು.

ಅವನ ಮೊದಲ ವೈರಿ ಒಂದು ಬೇವಿನ ಮರ. ದೂರದರ್ಶಕ ಆಕಾಶದ ಜೊತೆ ಸಮನಾಗಿ ತಿರುಗಬೇಕಾದರೆ ಅದರ ಅಕ್ಷ ಧ್ರುವದ ಕಡೆ ನೆಟ್ಟಿರಬೇಕು. ಧ್ರುವ ನಕ್ಷತ್ರವೋ, ಊರಿನ ಅಕ್ಷಾಂಶ ಎಷ್ಟೋ ಸುಮಾರು ಅಷ್ಟೇ ಡಿಗ್ರಿ ಎತ್ತರದಲ್ಲಿ ಕೂತಿರುತ್ತದೆ. ಲಡಾಖಿನ ಹಾನ್ಲೆ ವೀಕ್ಷಣಾಲಯದವರಿಗೆ ಅದು 33 ಡಿಗ್ರಿ ಹತ್ತಿರ, ಕೌತಾಳಂನವರಿಗೆ ಬರೀ 16. ಆ ಹದಿನಾರು ಡಿಗ್ರಿಯನ್ನೂ ದೊಡ್ಡಪ್ಪನ ಬೇವಿನ ಮರ ನುಂಗಿ ನಿಂತಿದೆ. 2023ರ ಜನವರಿ ಕೊನೆಯಲ್ಲಿ ಝಡ್‌ಟಿಎಫ್ ಎಂಬ ಹಸಿರು ಧೂಮಕೇತು ಭೂಮಿಯ ಹತ್ತಿರ ಬಂದಾಗ ಸುತ್ತಾಡಿದ್ದೂ ಧ್ರುವದ ಆಸುಪಾಸಿನಲ್ಲೇ, ಅಂದರೆ ಬೇವಿನೊಳಗೇ. ಒಂದೇ ಒಂದು ಕೊಂಬೆ ಕಡಿಸು ಎಂದು ದುರ್ಬೀನಪ್ಪ ಕೈಮುಗಿದ. "ನಿನ್ನ ಚುಕ್ಕೆ ಇವತ್ತು ಬಂದು ನಾಳೆ ಹೋಗ್ತೈತಿ. ಈ ಗಿಡ ನಮ್ಮಪ್ಪ ಹಚ್ಚಿದ್ದು," ಎಂದ ದೊಡ್ಡಪ್ಪ. ಫೆಬ್ರವರಿ ಮೊದಲ ವಾರ ಅದು ಬ್ರಹ್ಮಹೃದಯ ನಕ್ಷತ್ರದ ಹತ್ತಿರಕ್ಕೆ ಏರಿ ಬಂದಾಗ ಆಕಾಶದಲ್ಲಿ ಬೆಳದಿಂಗಳು ತುಂಬಿತ್ತು.

ಫೋಟೋ ಅಂದರೆ ನಮ್ಮಂತೆ ಒಮ್ಮೆ ಒತ್ತಿದರೆ ಮುಗಿಯಿತೆ? ಒಂದು ಚಿತ್ರದಲ್ಲಿ ಧೂಮಕೇತು ಮಂಕಾದ ಕಲೆ, ಸುತ್ತ ಸೆನ್ಸರಿನ ಕಾಳುಕಾಳು. ಹಾಗಾಗಿ ನೂರಾರು ಚಿತ್ರ ತೆಗೆದು ಒಂದರ ಮೇಲೊಂದು ಕೂಡಿಸಬೇಕು. ಕೂಡಿಸುತ್ತ ಹೋದಂತೆ ಬಾಲ ಗಟ್ಟಿಯಾಗುತ್ತದೆ, ಕಾಳು ಸವೆಯುತ್ತದೆ. ಆದರೆ ಲೆಕ್ಕ ವರ್ಗಮೂಲದ್ದು. ನೂರು ಚಿತ್ರ ಕೂಡಿಸಿದರೆ ಹತ್ತೇ ಪಟ್ಟು ಶುದ್ಧ. ಅದರ ಎರಡರಷ್ಟು ಚೆಂದ ಬೇಕೆಂದರೆ ನಾನೂರು ಬೇಕು. ಚೆಂದ ಎರಡು ಪಟ್ಟಾದರೆ ನಿದ್ದೆಗೇಡು ನಾಲ್ಕು ಪಟ್ಟು. ಮದುವೆಗೆ ಮುಂಚೆ ಈ ಸೂತ್ರವನ್ನು ಹೆಣ್ಣಿನ ಕಡೆಯವರಿಗೆ ಯಾರೂ ಹೇಳಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಸಂಸಾರ ತೂಗುತ್ತಿತ್ತು. ಸೆನ್ಸರಿನ ದೋಷ ಕಳೆಯಲು ದುರ್ಬೀನಿಗೆ ಮುಚ್ಚಳ ಹಾಕಿ, ಕತ್ತಲೆಯದ್ದೇ ಚಿತ್ರಗಳನ್ನು ತೆಗೆಯುತ್ತಾನೆ. ಪಕ್ಕದ ಮಾಳಿಗೆಯಿಂದ ಇದನ್ನು ನೋಡಿದ ಅಜ್ಜಿ, "ಪಾಪ, ಮುಚ್ಚಳ ತೆಗಿಯೋದ ಮರ್ತಾನ," ಎಂದು ಎರಡು ಸಲ ಕೂಗಿ ಹೇಳಿದಳು. ಆ ಕತ್ತಲೆಯ ಚಿತ್ರಗಳನ್ನು ರಾತ್ರಿಯ ತಣ್ಣಗಿನಲ್ಲೇ ತೆಗೆಯಬೇಕು. ತಪ್ಪಿಹೋದರೆ ಮರುದಿನ ಕ್ಯಾಮೆರಾ ಫ್ರಿಜ್ಜಿನೊಳಗೆ, ಮೊಸರಿನ ಪಾತ್ರೆ ಹೊರಗೆ. ಮಸೂರದ ಧೂಳಿನ ನೆರಳು ಕಳೆಯಲು ಇನ್ನೊಂದು ಪೂಜೆಯಿದೆ. ನಸುಕಿನಲ್ಲಿ ದುರ್ಬೀನಿನ ಬಾಯಿಗೆ ಬಿಳಿ ಬಟ್ಟೆ ಬಿಗಿದು, ಆ ಬಿಳುಪಿನ ಫೋಟೋ. ಬಟ್ಟೆ ಅಪ್ಪನ ಪಂಚೆ. ಅದನ್ನುಟ್ಟು ಆದೋನಿಯ ಹತ್ತಿ ಮಾರ್ಕೆಟ್ಟಿಗೆ ಹೊರಡಬೇಕಾದ ಅಪ್ಪ, ಟವೆಲ್ಲಿನಲ್ಲಿ ಮೆಟ್ಟಿಲ ಕೆಳಗೆ ಕಾಯುತ್ತಿರುತ್ತಾನೆ.

ಕೂಡಿಸುವುದರಲ್ಲೂ ಒಂದು ಪೇಚಿದೆ. ಧೂಮಕೇತು ನಕ್ಷತ್ರಗಳ ನಡುವೆ ಸರಿಯುತ್ತಿರುತ್ತದೆ. ಆ ಹಸಿರು ಅತಿಥಿ ಗಂಟೆಗೆ ಸುಮಾರು ಅರ್ಧ ಚಂದ್ರನ ಅಗಲದಷ್ಟು ಓಡಿತ್ತು. ನಕ್ಷತ್ರಗಳನ್ನು ಹೊಂದಿಸಿದರೆ ಧೂಮಕೇತು ಕಲಸಿಹೋಗುತ್ತದೆ, ಧೂಮಕೇತುವನ್ನು ಹೊಂದಿಸಿದರೆ ನಕ್ಷತ್ರಗಳೆಲ್ಲ ಗೆರೆ. ಎರಡನ್ನೂ ಬೇರೆ ಬೇರೆ ಮಾಡಿ ಹೊಲಿಯಬೇಕು. ಹೊಲಿದದ್ದು ಗೊತ್ತಾಗಬಾರದು, ಕೇಳಿದವರಿಗೆ ಸುಳ್ಳನ್ನೂ ಹೇಳಬಾರದು. ದುರ್ಬೀನಪ್ಪ ಈ ವಿಷಯದಲ್ಲಿ ಸತ್ಯಹರಿಶ್ಚಂದ್ರ. ಯಾರೂ ಕೇಳದಿದ್ದರೂ ಹೇಳುತ್ತಾನೆ, ಮುಕ್ಕಾಲು ಗಂಟೆ.

ಕೊರಗೂ ಇದೆ. 1949ರಲ್ಲಿ ಹೈದರಾಬಾದಿನ ಹುಡುಗ ವೈನು ಬಪ್ಪು ಹಾರ್ವರ್ಡಿನಲ್ಲಿ ಓದುತ್ತಿದ್ದಾಗ ತಾನು ತೆಗೆದ ಫೋಟೋ ಫಲಕದಲ್ಲಿ ಹೊಸ ಧೂಮಕೇತು ಕಂಡ. ಅದಕ್ಕೆ ಬಪ್ಪು–ಬಾಕ್–ನ್ಯೂಕಿರ್ಕ್ ಎಂದೇ ಹೆಸರಾಯಿತು. ಬಪ್ಪು ತನ್ನ ಸೋದರಮಾವನ ಮಗ ಎಂಬ ಧಾಟಿಯಲ್ಲಿ ಇದನ್ನು ಹೇಳಿ, "ಈಗೆಲ್ಲ ಅಟ್ಲಾಸ್, ಪ್ಯಾನ್‌ಸ್ಟಾರ್ಸ್ ಅಂತ ಯಂತ್ರಗಳದ್ದೇ ಹೆಸರು," ಎಂದು ನಿಟ್ಟುಸಿರು ಬಿಡುತ್ತಾನೆ. ಕೌತಾಳಂ ಧೂಮಕೇತು ಎಂಬುದೊಂದು ಇರಬೇಕಿತ್ತು ಎನ್ನುವುದು ಅವನ ಆಸೆ. ಊರಿನವರಿಗೆ ಅಷ್ಟೊಂದು ಆಸೆಯಿಲ್ಲ.

2024ರ ಸೆಪ್ಟೆಂಬರ್ ಕೊನೆಯಲ್ಲಿ ತ್ಸುಚಿನ್‌ಶಾನ್–ಅಟ್ಲಾಸ್ ಎಂಬ ಧೂಮಕೇತು ಬೆಳಗಿನ ಜಾವ ಪೂರ್ವದಲ್ಲಿ ಬಂತು. ದುರ್ಬೀನಪ್ಪ ರಜೆ ಹಾಕಿ ಬಂದ. ಫೋಕಸ್ ಹಿಡಿದ, ಕೇಬಲ್ ಬದಲಿಸಿದ, ಲ್ಯಾಪ್‌ಟಾಪ್ ಅಪ್‌ಡೇಟ್ ಕೇಳಿತು, ಕೊಟ್ಟ. ಬೆಳಕು ಹರಿಯಿತು. ಕೆಳಗಿಳಿದಾಗ ದೊಡ್ಡಪ್ಪ ಕಾಲುವೆ ಕಡೆಯಿಂದ ಹೊಲಕ್ಕೆ ನೀರು ಕಟ್ಟಿ ಬರುತ್ತಿದ್ದ. "ಅದಾ? ನಾಕ್ ದಿನಾತು, ನೀರಿಗೆ ಹೋದಾಗೆಲ್ಲ ಕಾಣ್ತೈತಿ. ಚಂದೈತಿ. ನೀನು ನೋಡಿಲ್ಲನು?" ದುರ್ಬೀನಪ್ಪ ನೋಡಿರಲಿಲ್ಲ. ಅವನು ನೋಡಿದ್ದು ಪರದೆಯನ್ನು.

ಈ ತಳಿಯವರಲ್ಲಿ ನನಗೆ ಮೆಚ್ಚುಗೆಯಾಗುವುದು ಸೋಲಿನ ಮರುದಿನವೇ ಮುಂದಿನ ಲೆಕ್ಕ ಶುರುಮಾಡುವ ಗುಣ. ಹ್ಯಾಲಿ ಧೂಮಕೇತು 1986ರ ಫೆಬ್ರವರಿ 9ರಂದು ಸೂರ್ಯನನ್ನು ಸುತ್ತಿ ಹೋಗಿತ್ತು, ಆಗ ಇವನಿನ್ನೂ ಹುಟ್ಟಿರಲಿಲ್ಲ. ಮತ್ತೆ ಬರುವುದು 2061ರ ಜುಲೈ ಕೊನೆಗೆ. "ಮಳೆಗಾಲ," ಎಂದು ಈಗಲೇ ಮುಖ ಸಿಂಡರಿಸಿಕೊಂಡಿದ್ದಾನೆ. ಆಗ ನಿಮಗೆಷ್ಟು ವಯಸ್ಸು ಎಂದು ಹೆಂಡತಿ ಕೇಳಿದರೆ, ಅದು ತಾಂತ್ರಿಕ ಸಮಸ್ಯೆಯಲ್ಲ ಎನ್ನುತ್ತಾನೆ. ನಾಲ್ಕು ವರ್ಷದ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಆವತ್ತು ಯಾರೇ ಬಂದು ಬಾಗಿಲು ಬಡಿದರೂ ಹೊರಗಿನ ಲೈಟ್ ಹಚ್ಚಬಾರದು ಎಂದು ಕಲಿಸುತ್ತಿದ್ದಾನೆ.